ಬಿಲ ತೋಡುತ್ತೇವೆ, ಕಟ್ಟುವುದಿಲ್ಲ



ಫ್ರಾಂಜ್ ಕಾಫ್ಕಾನ ‘ಡೆರ್ ಬೌ’ ಕಥೆಯನ್ನು ಕನ್ನಡದಲ್ಲಿ ಹೇಳಹೊರಟವರು ಮೊದಲು ಎಡವುವುದು ಹೆಸರಿನಲ್ಲೇ. 1923-24ರ ಚಳಿಗಾಲದಲ್ಲಿ ಬರ್ಲಿನ್ನಿನಲ್ಲಿ ಬರೆದ ಕಥೆ ಇದು. ಕಾಫ್ಕಾ 1924ರ ಜೂನ್ 3ರಂದು ತೀರಿಕೊಂಡ. ಕಥೆ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ. ನೆಲದಡಿ ವಾಸಿಸುವ, ಯಾವುದೆಂದು ಹೆಸರಿಸದ ಪ್ರಾಣಿಯೊಂದು ತನ್ನ ವಾಸಸ್ಥಾನದ ಬಗ್ಗೆ ಆಡುವ ಮಾತೇ ಇಡೀ ಕಥೆ. ‘ಬಿಲ’ ಎಂದುಬಿಟ್ಟರೆ ಆಯಿತಲ್ಲ, ಇದರಲ್ಲೇನು ಕಷ್ಟ?

ಕಷ್ಟ ಇದೆ. ಜರ್ಮನ್ನಿನಲ್ಲಿ ನರಿಯ ಬಿಲವೂ ‘ಬೌ’, ಮನೆ ಕಟ್ಟುವ ಕೆಲಸವೂ ‘ಬೌ’. ‘ಬೌವೆನ್’ ಅಂದರೆ ಕಟ್ಟು. ಚೀನಾದ ಗೋಡೆಯ ಬಗ್ಗೆ ಕಾಫ್ಕಾ ಬರೆದ ಕಥೆಯ ಹೆಸರಿನಲ್ಲೂ ಇದೇ ಶಬ್ದವಿದೆ. ಇಂಗ್ಲಿಷಿನ ‘ಬರೋ’ ಕೂಡ ಕೋಟೆ, ಪಟ್ಟಣ ಎಂಬ ಅರ್ಥದ ಹಳೆಯ ಶಬ್ದಕ್ಕೇ ನಂಟು ಎಂದು ಹಲವು ನಿಘಂಟುಗಳು ಊಹಿಸುತ್ತವೆ. ಎಡಿನ್‌ಬರೋದ ಬಾಲದಲ್ಲಿ ಇರುವುದು ಆ ಶಬ್ದವೇ.

ನಮ್ಮ ‘ಬಿಲ’ದ ಜಾತಕ ಬೇರೆ. ಋಗ್ವೇದದಲ್ಲಿ ಅದು ಪ್ರಾಣಿಯ ಮನೆಯೇ ಅಲ್ಲ. ವಲ ಹಸುಗಳನ್ನು ಬಚ್ಚಿಟ್ಟ ಗವಿಗೆ, ವೃತ್ರ ಮುಚ್ಚಿಟ್ಟ ನೀರಿನ ಬಾಯಿಗೆ ಆ ಹೆಸರು. ಈ ಶಬ್ದ ಸಂಸ್ಕೃತಕ್ಕೆ ದ್ರಾವಿಡದಿಂದ ಹೋಗಿರಬಹುದೆಂದೂ ತಮಿಳಿನ ‘ವಿಳ್’ (ಬಿರಿ, ಬಾಯಿಬಿಡು) ಅದರ ಬಂಧುವೆಂದೂ ಟಿ. ಬರೋ ಮೊದಲಾದ ಭಾಷಾವಿಜ್ಞಾನಿಗಳು ಹೇಳಿದ್ದಾರೆ. (ಬಿಲದ ಮೂಲ ಹುಡುಕಿದ ಪಂಡಿತರ ಹೆಸರೇ ‘ಬರೋ’ ಆಗಿರುವುದು ಕಾಕತಾಳೀಯ!) ಅಂತೂ ಬಿಲ ಎಂದರೆ ತೆರಪು, ಬಿರುಕು, ಖಾಲಿ ಜಾಗ.

ಕ್ರಿಯಾಪದ ಹಚ್ಚಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಹಕ್ಕಿ ಗೂಡು ಕಟ್ಟುತ್ತದೆ, ಗೆದ್ದಲು ಹುತ್ತ ಕಟ್ಟುತ್ತದೆ. ಇಲಿ ಮಾತ್ರ ಬಿಲ ತೋಡುತ್ತದೆ. ಮೇಲಾಗಿ ನಮ್ಮಲ್ಲಿ ‘ಬಿಲ ಸೇರಿದ’ ಎಂದರೆ ಹೆದರಿ ಅಡಗಿದ ಎಂದೇ ಅರ್ಥ. ಹೀಗಾಗಿ ‘ಬಿಲ’ ಎಂದ ಕೂಡಲೇ ಕಥೆ ಪುಕ್ಕಲನ ಕಥೆಯಾಗಿಬಿಡುತ್ತದೆ. ಆದರೆ ಕಾಫ್ಕಾನ ಪ್ರಾಣಿ ಮೊದಲು ಮೇಸ್ತ್ರಿ, ಆಮೇಲೆ ಪುಕ್ಕಲ. ನಡುವಿನ ದೊಡ್ಡ ಕೋಣೆಯ ಸಡಿಲ ಮಣ್ಣನ್ನು ಹಣೆಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಿ, ರಕ್ತ ಬಂದಾಗ ಗೋಡೆ ಬಲವಾಯಿತೆಂದು ಸಂತೋಷಪಟ್ಟದ್ದು ಅದು. ಆ ಕೋಣೆಗೆ ಅದು ಕೊಡುವ ಹೆಸರಿನಲ್ಲೂ ‘ಬುರ್ಗ್’, ಅಂದರೆ ಕೋಟೆ, ಇದೆ. ಈ ಹೆಮ್ಮೆ ತಿಳಿಯದಿದ್ದರೆ ಮುಂದೆ ಎಲ್ಲಿಂದಲೋ ಕೇಳಿಬರುವ ಸಣ್ಣ ಬುಸುಗುಡುವ ಸದ್ದು ಅದನ್ನು ಯಾಕೆ ಅಷ್ಟು ಹಿಂಡುತ್ತದೆ ಎಂಬುದೂ ತಿಳಿಯದು. ಬರಿಯ ತೂತಾಗಿದ್ದರೆ ಇನ್ನೊಂದು ತೋಡಿಕೊಳ್ಳಬಹುದಿತ್ತು.

ಹಾಗಾದರೆ ‘ಹುತ್ತ’? ಹಳಗನ್ನಡದ ‘ಪುತ್ತು’, ತಮಿಳಿನ ‘ಪುಱ್ಱು’, ತೆಲುಗಿನ ‘ಪುಟ್ಟ’: ಅಪ್ಪಟ ನಮ್ಮದೇ ಶಬ್ದ, ಕಟ್ಟಿದ್ದೂ ಹೌದು. ಆದರೆ ಹುತ್ತ ಎಂದೊಡನೆ ನಾಗರ ಪಂಚಮಿಯ ಹಾಲೂ ವಾಲ್ಮೀಕಿಯ ತಪಸ್ಸೂ ಬಂದು ಕೂರುತ್ತವೆ. ಗೆದ್ದಲು ಕಟ್ಟಿದ್ದರಲ್ಲಿ ಹಾವು ಸೇರಿಕೊಳ್ಳುವ ಗಾದೆ ಬೇರೆ. ಕಾಫ್ಕಾನಲ್ಲಿ ಕಟ್ಟಿದವನೇ ನಿವಾಸಿ. ‘ಗೂಡು’ ತೀರಾ ಬೆಚ್ಚಗಿನ ಮಾತು. ಅಲ್ಲಿ ಮರಿಗಳಿರಬೇಕು, ಈ ಪ್ರಾಣಿ ಒಂಟಿ.

ನನ್ನ ಸಲಹೆ ಇಷ್ಟು: ಹೆಸರು ‘ಬಿಲ’ ಎಂದೇ ಇರಲಿ. ಪ್ರಾಣಿ ತನ್ನ ಬಿಲದಲ್ಲಿ ಎಲ್ಲಕ್ಕಿಂತ ಮೆಚ್ಚುವುದು ಅಲ್ಲಿನ ನಿಶ್ಶಬ್ದವನ್ನು. ಆ ಖಾಲಿತನ ‘ಬಿಲ’ದಲ್ಲಿದೆ. ಆದರೆ ಮೊದಲ ವಾಕ್ಯದಲ್ಲೇ ಅನುವಾದಕ ಧೈರ್ಯ ಮಾಡಿ ‘ಬಿಲ ಕಟ್ಟಿದೆ’ ಎಂದು ಬರೆಯಲಿ. ಕನ್ನಡ ಕಿವಿಗೆ ಅದು ತಟ್ಟನೆ ತಪ್ಪೆನಿಸುತ್ತದೆ. ಎನಿಸಲಿ. ಖಾಲಿ ಜಾಗವನ್ನು ಕಟ್ಟಲು ಹೊರಟವನ ಕಥೆ ಇದು ಎಂದು ಓದುಗನಿಗೆ ಅಲ್ಲೇ ಅನುಮಾನ ಹುಟ್ಟುತ್ತದೆ.

ಊರು ಬಿಟ್ಟು ಬಂದು ಇಲ್ಲಿ ಮನೆ ಕೊಂಡು, ರಾತ್ರಿ ಬಾಗಿಲಿನ ಬೀಗ ಎರಡು ಸಲ ಎಳೆದು ನೋಡುವ ನಮ್ಮಂಥವರಿಗೆ ಈ ಅನುಮಾನ ಅಪರಿಚಿತವೇನಲ್ಲ. ನಾವು ಕಟ್ಟಿದ್ದೆಷ್ಟು, ತೋಡಿಕೊಂಡದ್ದೆಷ್ಟು? ನಿಮ್ಮ ಊರ ಕಡೆ ಬಿಲಕ್ಕೆ ಬೇರೆ ಮಾತಿದ್ದರೆ, ಅದಕ್ಕೆ ಯಾವ ಕ್ರಿಯಾಪದ ಹಚ್ಚುತ್ತೀರೆಂದು ದಯವಿಟ್ಟು ಬರೆಯಿರಿ.