ಯಜಮಾನನಿಲ್ಲದ ಹೊತ್ತು

ಡೇಟಾ ಸೆಂಟರ್ ಜಾಲದ ಮಾತು ಬಂದರೆ ಸಾಕು, ಟೆರಾಬಿಟ್‌, ಪೆಟಾಬಿಟ್‌ಗಳ ಲೆಕ್ಕ ಶುರುವಾಗುತ್ತದೆ. ದುಡ್ಡಿದ್ದವರು ವೇಗ ಕೊಳ್ಳುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ನಾನು ಜಾಲವನ್ನು ತೂಗುವುದು ಅದರ ಕಂಟ್ರೋಲರ್ ಕಣ್ಣುಮುಚ್ಚಿದಾಗ.

ಮೊದಲೆಲ್ಲ ಪ್ರತಿ ಸ್ವಿಚ್ಚೂ ನೆರೆಯ ಸ್ವಿಚ್ಚುಗಳನ್ನು ಕೇಳಿಕೊಂಡು ದಾರಿ ಗೊತ್ತುಮಾಡುತ್ತಿತ್ತು. 2008ರಲ್ಲಿ ನಿಕ್ ಮೆಕ್‌ಕ್ಯೂನ್ ಮತ್ತು ಸಂಗಡಿಗರು ಓಪನ್‌ಫ್ಲೋ ಮುಂದಿಟ್ಟರು. ಯೋಚನೆಯೆಲ್ಲ ಹೊರಗಿನ ಕಂಟ್ರೋಲರ್‌ನದು. ಸ್ವಿಚ್ಚಿನದು ಅದು ಬರೆದುಕೊಟ್ಟ ಕೋಷ್ಟಕ ನೋಡಿ ಪ್ಯಾಕೆಟ್ ದಾಟಿಸುವ ಕೆಲಸ ಮಾತ್ರ. ಗೂಗಲ್ ತನ್ನ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಬಿ4 ಜಾಲದಲ್ಲಿ ಇದನ್ನು ಪಳಗಿಸಿತು. ದೂರದ ಲಿಂಕ್‌ಗಳನ್ನು ಶೇ 30–40ರಷ್ಟು ಬಳಸಿ ಉಳಿದದ್ದನ್ನು ಆಪತ್ತಿಗೆಂದು ಖಾಲಿ ಬಿಡುವುದೇ ವಾಡಿಕೆಯಾಗಿದ್ದಾಗ, ಬಿ4ರ ಹಲವು ಲಿಂಕ್‌ಗಳು ನೂರರ ಹತ್ತಿರ ತುಂಬಿ ಹರಿಯುತ್ತಿವೆ ಎಂದು 2013ರ ಪ್ರಬಂಧ ಹೇಳಿತು. ಯಾವ ಸಾಗಣೆ ಕಾಯಬಲ್ಲದು, ಯಾವುದು ಕಾಯದು ಎಂಬುದು ಇಡೀ ಜಾಲವನ್ನು ನೋಡುವ ಕಂಟ್ರೋಲರ್‌ಗೆ ಗೊತ್ತು. ತೊಂದರೆ ಬಂದರೆ ಬ್ಯಾಕಪ್‌ನಂಥವು ಪಕ್ಕಕ್ಕೆ ಸರಿಯುತ್ತವೆ. ಸೊಗಸಾದ ಜಿಪುಣತನ!

ಇನ್ನು ಆ ಕಂಟ್ರೋಲರ್‌ಗಳೇ ಕಣ್ಣುಮುಚ್ಚಿದ ದಿನ, 2019ರ ಜೂನ್ 2. ಗೂಗಲ್‌ನ ನಿರ್ವಹಣಾ ತಂತ್ರಾಂಶವೊಂದು, ಒಂದು ದೋಷದ ದೆಸೆಯಿಂದ, ಅಮೆರಿಕದ ಬೇರೆ ಬೇರೆ ತಾಣಗಳಲ್ಲಿದ್ದ ಜಾಲ ನಿಯಂತ್ರಣದ ಪ್ರೋಗ್ರಾಂಗಳನ್ನು ಒಟ್ಟಿಗೇ ನಿಲ್ಲಿಸಿಬಿಟ್ಟಿತು. ಆದರೂ ಕೆಲವು ನಿಮಿಷ ಯಾರಿಗೂ ಏನೂ ಗೊತ್ತಾಗಲಿಲ್ಲ. ಸ್ವಿಚ್ಚುಗಳು ಕೊನೆಯ ಕೋಷ್ಟಕವನ್ನೇ ಹಿಡಿದು ಪ್ಯಾಕೆಟ್ ದಾಟಿಸುತ್ತಲೇ ಇದ್ದವು. ಇದಕ್ಕೆ ಎಂಜಿನಿಯರುಗಳು ಫೇಲ್ ಸ್ಟ್ಯಾಟಿಕ್ ಎನ್ನುತ್ತಾರೆ. ಆ ಇಡೀ ದಿನದಲ್ಲಿ ನಾನು ಮೆಚ್ಚುವುದು ಈ ಕೆಲವು ನಿಮಿಷಗಳನ್ನೇ.

ಹಳೆಯ ಕೋಷ್ಟಕದ ಮೇಲೆ ಹೀಗೆ ಓಡಲು ಗೊತ್ತುಮಾಡಿದ್ದ ಗಡುವು ಮುಗಿದೊಡನೆ ದಾರಿಗಳು ರದ್ದಾದವು, ಉಳಿದ ಲಿಂಕ್‌ಗಳ ಮೇಲೆ ದಟ್ಟಣೆ ಏರಿತು. ದೋಷ ಹುಡುಕುವ ಸಲಕರಣೆಗಳೂ ಅದೇ ಜಾಲದ ಮೇಲೆ ಓಡಬೇಕಿತ್ತಲ್ಲ, ಅವೂ ದಟ್ಟಣೆಯಲ್ಲಿ ಸಿಕ್ಕಿಕೊಂಡವು. ಕಳೆದುಹೋದ ಸಂರಚನೆಯನ್ನು ಮತ್ತೆ ಕಟ್ಟಿ ಹಂಚಬೇಕಾಯಿತು. ಎಲ್ಲ ಸರಿಹೋಗಲು ನಾಲ್ಕು ಗಂಟೆಗೂ ಮೀರಿ ಹಿಡಿಯಿತು.

ಫೇಲ್ ಸ್ಟ್ಯಾಟಿಕ್ ಅವಧಿಯನ್ನು ಹೆಚ್ಚಿಸುತ್ತೇವೆ ಎಂದು ಗೂಗಲ್ ಆಮೇಲೆ ಹೇಳಿತು. ಒಳ್ಳೆಯದೇ, ಆದರೆ ಅದಕ್ಕೂ ಮಿತಿಯಿದೆ. ಕಂಟ್ರೋಲರ್ ಇಲ್ಲದ ಹೊತ್ತಿನಲ್ಲಿ ದೂರದಲ್ಲೆಲ್ಲೋ ಕೇಬಲ್ ತುಂಡಾದರೆ, ಹಳೆಯ ಕೋಷ್ಟಕ ನಂಬಿದ ಸ್ವಿಚ್ಚು ಅತ್ತಲೇ ಪ್ಯಾಕೆಟ್ ಸುರಿಯುತ್ತಿರುತ್ತದೆ. ಯಾವ ಜಾಲದ ವಿನ್ಯಾಸ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಆ ಗಡುವು ಎಷ್ಟು ನಿಮಿಷದ್ದು, ಅದನ್ನು ಗೊತ್ತುಮಾಡಿದವರು ಕಾರಣ ಬರೆದಿಟ್ಟಿದ್ದಾರೆಯೇ ಎಂದು. ಹೆಚ್ಚಿನವರು ಬರೆದಿರುವುದಿಲ್ಲ.