ಶೋರೂಮಿನಲ್ಲಿ ಪಡೆದ ಒಪ್ಪಿಗೆ

2024ರ ಮಾರ್ಚ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ವರದಿಗಾರ್ತಿ ಕಾಶ್ಮೀರ್ ಹಿಲ್ ಬಯಲಿಗೆಳೆದ ಪ್ರಕರಣ ಮೇಲ್ನೋಟಕ್ಕೆ ಒಂದು ವಿಮಾ ತಕರಾರು. ಅಮೆರಿಕದಲ್ಲಿ ಷೆವರ್ಲೆ ಬೋಲ್ಟ್ ಕಾರಿಟ್ಟುಕೊಂಡಿದ್ದ ಒಬ್ಬರಿಗೆ ವಿಮೆಯ ಕಂತು ಇದ್ದಕ್ಕಿದ್ದಂತೆ ಶೇ 21ರಷ್ಟು ಏರಿತು. ತಮ್ಮ ತಪ್ಪಿನಿಂದ ಒಂದು ಅಪಘಾತವೂ ಆಗಿಲ್ಲ ಎಂಬುದು ಅವರ ಮಾತು. ಬೇರೆ ಕಂಪನಿಗಳನ್ನು ಕೇಳಿದರೆ ಅಲ್ಲಿಯೂ ದರ ಹೆಚ್ಚೇ. ಕಾರಣ ಹುಡುಕುತ್ತ ಹೋದವರ ಕೈಗೆ ಲೆಕ್ಸಿಸ್‌ನೆಕ್ಸಿಸ್ ಎಂಬ ಮಾಹಿತಿ ವ್ಯಾಪಾರದ ಸಂಸ್ಥೆಯಿಂದ 258 ಪುಟಗಳ ವರದಿಯೊಂದು ಬಂತು. ಹಿಂದಿನ ಆರು ತಿಂಗಳಲ್ಲಿ ಆ ಕಾರು ಹೋಗಿಬಂದ 640 ಓಡಾಟಗಳ ವಿವರ ಅದರಲ್ಲಿತ್ತು. ಯಾವ ಹೊತ್ತಿಗೆ ಹೊರಟಿತು, ಯಾವ ಹೊತ್ತಿಗೆ ನಿಂತಿತು, ಎಷ್ಟು ದೂರ ಕ್ರಮಿಸಿತು, ಎಷ್ಟು ಸಲ ವೇಗ ಮಿತಿಮೀರಿತು, ಎಷ್ಟು ಸಲ ಬ್ರೇಕನ್ನು ಗಕ್ಕನೆ ಒತ್ತಲಾಯಿತು ಎಂಬುದೆಲ್ಲ ದಾಖಲಾಗಿತ್ತು. ಬರೆದುಕೊಟ್ಟದ್ದು ಕಾರೇ. ಅದನ್ನು ತಯಾರಿಸಿದ ಜನರಲ್ ಮೋಟರ್ಸ್ ತನ್ನ ಆನ್‌ಸ್ಟಾರ್ ಸೇವೆಯೊಳಗಿನ ‘ಸ್ಮಾರ್ಟ್ ಡ್ರೈವರ್’ ಎಂಬ ಸೌಲಭ್ಯದ ಮೂಲಕ ಈ ವಿವರಗಳನ್ನು ಕಲೆಹಾಕಿ ಲೆಕ್ಸಿಸ್‌ನೆಕ್ಸಿಸ್ ಮತ್ತು ವೆರಿಸ್ಕ್ ಸಂಸ್ಥೆಗಳಿಗೆ ಒದಗಿಸುತ್ತಿತ್ತು. ಅಲ್ಲಿಂದ ಅವು ವಿಮಾ ಕಂಪನಿಗಳ ಮೇಜಿಗೆ ಹೋಗುತ್ತಿದ್ದವು.

ಗ್ರಾಹಕರು ಇದಕ್ಕೆ ಒಪ್ಪಿದ್ದರು ಎಂಬುದು ಇಂಥ ಸಂದರ್ಭಗಳಲ್ಲಿ ಕಂಪನಿಗಳು ಕೊಡುವ ಮೊದಲ ಉತ್ತರ. ನನ್ನ ತಕರಾರಿರುವುದು ಆ ಒಪ್ಪಿಗೆಯ ಬಗ್ಗೆಯೇ. ಆಧುನಿಕ ಕಾರು ಮಾಹಿತಿ ಸಂಗ್ರಹಿಸುತ್ತದೆ ಎಂಬುದಷ್ಟೇ ದೋಷವಲ್ಲ. ಎಂಜಿನ್ನಿನ ಬಿಸಿ, ಟೈರಿನ ಗಾಳಿ, ಬ್ಯಾಟರಿಯ ಆಯಸ್ಸು ಇವನ್ನು ಅಳೆಯದೆ ಇಂದಿನ ವಾಹನ ಓಡಲಾರದು. ಒಂದು ಕೆಲಸಕ್ಕೆಂದು ಪಡೆದ ಒಪ್ಪಿಗೆಯನ್ನು ಹತ್ತು ಕೆಲಸಕ್ಕೆ ಹಿಗ್ಗಿಸುವುದು, ಅದನ್ನು ಪಡೆಯುವಾಗಲೇ ಹಿಗ್ಗುವಂತೆ ರೂಪಿಸಿರುವುದು ಇಲ್ಲಿನ ದೋಷ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಜನರಲ್ ಮೋಟರ್ಸ್ ವಿರುದ್ಧ ಹೊರಿಸಿದ ಆರೋಪಗಳ ತಿರುಳೂ ಇದೇ. ನೋಂದಣಿಯ ಕ್ರಮ ದಾರಿತಪ್ಪಿಸುವಂತಿತ್ತು, ತಮ್ಮನ್ನು ಸ್ಮಾರ್ಟ್ ಡ್ರೈವರ್‌ಗೆ ಸೇರಿಸಲಾಗಿದೆ ಎಂಬುದೇ ಹಲವರಿಗೆ ಗೊತ್ತಿರಲಿಲ್ಲ, ಕಾರು ಎಲ್ಲಿದೆ ಎಂಬ ವಿವರವನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ದಾಖಲಿಸಲಾಗುತ್ತಿತ್ತು ಎಂದು ಕಮಿಷನ್ ಹೇಳಿತು. ಚಾಲಕರ ವರ್ತನೆ ಮತ್ತು ಸ್ಥಳದ ಮಾಹಿತಿಯನ್ನು ಗ್ರಾಹಕರ ಬಗ್ಗೆ ವರದಿ ತಯಾರಿಸುವ ಸಂಸ್ಥೆಗಳಿಗೆ ಐದು ವರ್ಷ ಕೊಡಬಾರದೆಂಬ ಷರತ್ತನ್ನೂ ಮುಂದಿಟ್ಟಿತು.

ಈ ಒಪ್ಪಿಗೆ ಯಾವ ಗಳಿಗೆಯಲ್ಲಿ ಸಿಗುತ್ತದೆ ಎಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಶೋರೂಮಿನಲ್ಲಿ ಸಾಲದ ಕಾಗದ, ವಿಮೆಯ ಕಾಗದ, ನೋಂದಣಿಯ ಕಾಗದಗಳಿಗೆಲ್ಲ ಸಹಿ ಬಿದ್ದಾದ ಮೇಲೆ, ಕೀಲಿಕೈ ಕೈಗೆ ಬರುವ ಸಂಭ್ರಮದಲ್ಲಿ, ಪರದೆಯ ಮೇಲೊಂದು ಪುಟ ತೆರೆದುಕೊಳ್ಳುತ್ತದೆ. ಅದನ್ನು ಓದುತ್ತ ಕೂರಲು ಯಾರಿಗೂ ವ್ಯವಧಾನವಿಲ್ಲ; ಓದಿ ಬೇಡವೆಂದರೆ ಹಣ ಕಟ್ಟಿ ಕೊಂಡ ಸೌಲಭ್ಯಗಳು ಎಷ್ಟು ಉಳಿಯುತ್ತವೆ ಎಂಬುದೂ ಸ್ಪಷ್ಟವಿಲ್ಲ. ಜನರಲ್ ಮೋಟರ್ಸ್ ಪ್ರಕರಣದಲ್ಲಂತೂ ಗ್ರಾಹಕರನ್ನು ಆನ್‌ಸ್ಟಾರ್‌ಗೆ ಸೇರಿಸಿದರೆ ಮಾರಾಟಗಾರರಿಗೆ ಪ್ರೋತ್ಸಾಹಧನ ಸಿಗುವ ಏರ್ಪಾಡಿತ್ತೆಂದು ಹಿಲ್ ಬರೆದಿದ್ದಾರೆ. ಒಪ್ಪಿಗೆ ಕೇಳುವವನಿಗೆ ಕಮಿಷನ್ ಇದ್ದರೆ ಅವನು ಬೇಡ ಎನ್ನುವ ಗುಂಡಿಯನ್ನು ತೋರಿಸುವುದು ಎಂತು? ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ವರದಿ ಪ್ರಕಟವಾಗಿ ಎರಡು ವಾರ ಕಳೆಯುವ ಮೊದಲೇ ಕಂಪನಿ ಆ ಎರಡು ಸಂಸ್ಥೆಗಳಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. ಜನ ತಿಳಿದೇ ಒಪ್ಪಿದ್ದರೆ, ಆ ವಿಷಯ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ನಿಲ್ಲಿಸುವ ಪ್ರಮೇಯವೇ ಇರಲಿಲ್ಲ.

ಇಷ್ಟೆಲ್ಲ ಸಾಹಸ ಯಾವ ಲಾಭಕ್ಕೆ ಎಂದು ಕೇಳಿದರೆ ಸಿಗುವ ಉತ್ತರ ನಗು ತರಿಸುವಂತಿದೆ. 2024ರ ಜುಲೈನಲ್ಲಿ ಸೆನೆಟರುಗಳಾದ ರಾನ್ ವೈಡನ್ ಮತ್ತು ಎಡ್ವರ್ಡ್ ಮಾರ್ಕಿ ಟ್ರೇಡ್ ಕಮಿಷನ್‌ಗೆ ಬರೆದ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹೋಂಡಾ ಕಂಪನಿ 97,000 ಕಾರುಗಳ ಮಾಹಿತಿಗೆ ವೆರಿಸ್ಕ್‌ನಿಂದ ಪಡೆದದ್ದು 25,920 ಡಾಲರ್, ಅಂದರೆ ಒಂದು ಕಾರಿಗೆ 26 ಸೆಂಟ್. ಹುಂಡೈ 17 ಲಕ್ಷ ಕಾರುಗಳಿಗೆ ಪಡೆದದ್ದು ಸುಮಾರು 10.4 ಲಕ್ಷ ಡಾಲರ್, ಕಾರಿಗೆ 61 ಸೆಂಟ್. ಇಪ್ಪತ್ತಾರು ಸೆಂಟ್ ಎಂದರೆ ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಲೋಟ ಕಾಫಿಯ ದುಡ್ಡು. ಇತ್ತ ಮಾಲೀಕನ ವಿಮೆ ಏರಿದರೆ ಅವನು ಕಳೆದುಕೊಳ್ಳುವುದು ವರ್ಷಕ್ಕೆ ನೂರಾರು ಡಾಲರ್. ‘ನಿಮ್ಮ ಆರು ತಿಂಗಳ ಓಡಾಟದ ವಿವರವನ್ನು ಇಷ್ಟು ಸೆಂಟಿಗೆ ಮಾರುತ್ತೇವೆ, ಒಪ್ಪಿಗೆಯೇ?’ ಎಂದು ನೇರವಾಗಿ ಕೇಳಿದ್ದರೆ ಒಪ್ಪುವವರು ಎಷ್ಟು ಜನ ಸಿಗುತ್ತಿದ್ದರು? ಕಣ್ಣಿಗೆ ಬೀಳದಿರುವುದರಿಂದಲೇ ನಡೆಯುವ ವ್ಯಾಪಾರ ಇದು.

ಒಂದೇ ಕಂಪನಿಯ ದುರ್ಬುದ್ಧಿಯನ್ನು ಇಡೀ ಉದ್ಯಮಕ್ಕೆ ಅಂಟಿಸುವುದು ನ್ಯಾಯವಲ್ಲ ಎನ್ನಬಹುದು. ಮೊಜಿಲ್ಲಾ ಪ್ರತಿಷ್ಠಾನ 2023ರ ಸೆಪ್ಟೆಂಬರ್‌ನಲ್ಲಿ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನ ನೀತಿಗಳನ್ನು ಪರಿಶೀಲಿಸಿತು. ಇಪ್ಪತ್ತೈದೂ ಅನುತ್ತೀರ್ಣ. ತಾನು ಈವರೆಗೆ ಪರೀಕ್ಷಿಸಿದ ಸರಕುಗಳಲ್ಲಿ ಕಾರಿನಷ್ಟು ಕೆಟ್ಟ ವರ್ಗ ಇನ್ನೊಂದಿಲ್ಲ ಎಂದಿತು ಸಂಸ್ಥೆ. ಶೇ 84ರಷ್ಟು ಬ್ರ್ಯಾಂಡ್‌ಗಳು ಮಾಹಿತಿಯನ್ನು ಇತರರಿಗೆ ಕೊಡುವ ಅಥವಾ ಮಾರುವ ಅವಕಾಶ ಇಟ್ಟುಕೊಂಡಿದ್ದವು. ನಿಸಾನ್‌ನ ನೀತಿಯಲ್ಲಿ ಲೈಂಗಿಕ ಚಟುವಟಿಕೆಯ ಮಾಹಿತಿಯೂ ಪಟ್ಟಿಯಲ್ಲಿತ್ತು. ಕಾರಿಗೆ ಅದು ಹೇಗೆ ತಿಳಿಯುತ್ತದೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುಂದೆಂದೋ ಬೇಕಾದೀತೆಂದು ವಕೀಲರು ಸಿಕ್ಕಿದ್ದನ್ನೆಲ್ಲ ಸೇರಿಸಿ ಬರೆದಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಆದರೆ ಮುಂದೆಂದೋ ಬೇಕಾದೀತೆಂದು ಮೊದಲೇ ಬರೆಸಿಕೊಳ್ಳುವ ಒಪ್ಪಿಗೆಯ ಮೇಲೆಯೇ ಅಲ್ಲವೇ ನನ್ನ ಆಕ್ಷೇಪ? ಸುಬಾರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಕಾರಿನಲ್ಲಿ ಸುಮ್ಮನೆ ಕುಳಿತ ಪ್ರಯಾಣಿಕನೂ ಕಾರಿನ ಸಂಪರ್ಕ ಸೇವೆಯ ಬಳಕೆದಾರ, ಆದ್ದರಿಂದ ಅವನೂ ಒಪ್ಪಿದಂತೆಯೇ. ಗೆಳೆಯನ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದನ್ನೇ ಸಹಿ ಎಂದು ಎಣಿಸುವ ಕರಾರು ಬೇರೆ ಯಾವ ವ್ಯವಹಾರದಲ್ಲಿ ನಡೆದೀತು?

ಜಾಗರೂಕ ಚಾಲಕನಿಗೆ ಕಡಿಮೆ ಕಂತು, ಅಡ್ಡಾದಿಡ್ಡಿ ಓಡಿಸುವವನಿಗೆ ಹೆಚ್ಚು ಕಂತು, ಇದರಲ್ಲಿ ಅನ್ಯಾಯವೇನು ಎಂಬುದು ತೂಕದ ಪ್ರಶ್ನೆ. ತತ್ತ್ವವಾಗಿ ಅನ್ಯಾಯವಿಲ್ಲ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವೂ 2022ರ ಜುಲೈನಲ್ಲಿ, ಎಷ್ಟು ಓಡಿಸುತ್ತೀರಿ ಮತ್ತು ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ಕಂತು ನಿರ್ಧರಿಸುವ ಹೆಚ್ಚುವರಿ ಪಾಲಿಸಿಗಳಿಗೆ ಅನುಮತಿ ಕೊಟ್ಟಿದೆ. ಅಂಥ ಪಾಲಿಸಿಯನ್ನು ಕೇಳಿ ಪಡೆದವನಿಗೆ ಅಳತೆ ನಡೆಯುತ್ತಿದೆ ಎಂಬ ಅರಿವಿರುತ್ತದೆ, ಸರಿಹೋಗದಿದ್ದರೆ ಬಿಡುವ ದಾರಿಯೂ ಇರುತ್ತದೆ. ಗುಟ್ಟಾಗಿ ಅಳೆಯುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಅದು ಹಾಗಿರಲಿ, ಅಳತೆಯೇ ಎಷ್ಟು ನಂಬಲರ್ಹ? ಬ್ರೇಕನ್ನು ಜೋರಾಗಿ ಒತ್ತಲಾಯಿತು ಎಂಬುದು ದಾಖಲೆಗೆ ಸೇರುತ್ತದೆ, ಏಕೆ ಒತ್ತಲಾಯಿತು ಎಂಬುದು ಸೇರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಡೆಯಿಂದ ನುಗ್ಗಿದ ಆಟೊವನ್ನು ಕಂಡು, ರಸ್ತೆಗಿಳಿದ ಮಗುವನ್ನು ಕಂಡು ಬ್ರೇಕ್ ಒತ್ತಿದವನು ಒಳ್ಳೆಯ ಚಾಲಕ. ಪಟ್ಟಿಯಲ್ಲಿ ಅವನೇ ಅಪಾಯಕಾರಿ. ಜನರಲ್ ಮೋಟರ್ಸ್ ಎಣಿಸುತ್ತಿದ್ದ ದೋಷಗಳಲ್ಲಿ ತಡರಾತ್ರಿ ಕಾರು ಓಡಿಸುವುದೂ ಒಂದು. ರಾತ್ರಿ ಪಾಳಿಯ ನರ್ಸ್ ಮನೆಗೆ ಮರಳುವುದು ಆ ಹೊತ್ತಿನಲ್ಲೇ. ತಮ್ಮ ಮೇಲೆ ಹೊರಿಸಿದ ದೋಷ ಏನೆಂಬುದೇ ತಿಳಿಯದವರು ಅದಕ್ಕೆ ಸಮಜಾಯಿಷಿ ಕೊಡುವುದು ಸಾಧ್ಯವಿಲ್ಲ.

ಜೇಬಿನ ಮೊಬೈಲೇ ಎಲ್ಲವನ್ನೂ ಹೇಳುತ್ತಿರುವಾಗ ಕಾರಿನ ಮೇಲೇಕೆ ಸಿಟ್ಟು ಎಂಬ ವಾದವನ್ನು ಬೇಗ ಮುಗಿಸಬಹುದು. ಮೊಬೈಲಿನಲ್ಲಿ ಪ್ರತಿ ಆ್ಯಪ್‌ಗೂ ಸ್ಥಳದ ಅನುಮತಿಯನ್ನು ಬೇರೆ ಬೇರೆಯಾಗಿ ಕೊಡಬಹುದು, ಹಿಂದೆಗೆದುಕೊಳ್ಳಬಹುದು, ಬೇಕಾದರೆ ಮನೆಯಲ್ಲೇ ಬಿಟ್ಟು ಹೋಗಬಹುದು. ಕಾರಿನೊಳಗೆ ಕೂಡಿಸಿಟ್ಟ ಸಿಮ್‌ಗೆ ಅಂಥ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ತಪ್ಪು ಬಳಕೆಯಲ್ಲಿದೆ ಎಂಬುದು ಎರಡನೆಯದಕ್ಕೆ ಪರವಾನಗಿಯೂ ಅಲ್ಲ.

ಗಂಭೀರವಾಗಿ ಉತ್ತರಿಸಬೇಕಾದದ್ದು ಸುರಕ್ಷತೆಯ ವಾದಕ್ಕೆ. ಅಪಘಾತವಾದಾಗ ಆಂಬುಲೆನ್ಸ್ ಬರಲು, ಕಳುವಾದ ಕಾರು ಸಿಗಲು ಅದು ಎಲ್ಲಿದೆ ಎಂದು ತಿಳಿಯಲೇಬೇಕು. ಅದಕ್ಕಾಗಿ ಸ್ವಲ್ಪ ಖಾಸಗಿತನ ಬಿಟ್ಟುಕೊಡುವುದು ಸಹಜ ಎಂದು ಕಂಪನಿಗಳು ಹೇಳುತ್ತವೆ. ಈ ವಾದಕ್ಕೆ ಉತ್ತರ ಯುರೋಪಿನ ರಸ್ತೆಗಳಲ್ಲಿ ಆಗಲೇ ಓಡಾಡುತ್ತಿದೆ. 2018ರ ಮಾರ್ಚ್ 31ರಿಂದ ಅಲ್ಲಿನ ಎಲ್ಲ ಹೊಸ ಮಾದರಿಯ ಕಾರುಗಳಲ್ಲಿ ಇ-ಕಾಲ್ ವ್ಯವಸ್ಥೆ ಕಡ್ಡಾಯ. ದೊಡ್ಡ ಅಪಘಾತವಾದರೆ ಅದು ತಾನಾಗಿ 112ಕ್ಕೆ ಕರೆಮಾಡಿ, ಕಾರು ಎಲ್ಲಿದೆ, ಯಾವ ದಿಕ್ಕಿನಲ್ಲಿ ಹೋಗುತ್ತಿತ್ತು, ಯಾವ ಬಗೆಯ ವಾಹನ ಎಂಬ ಕನಿಷ್ಠ ವಿವರವನ್ನು ಕಳಿಸುತ್ತದೆ. ಉಳಿದ ಹೊತ್ತೆಲ್ಲ ನಿದ್ರೆ. ಸಾಮಾನ್ಯ ಓಡಾಟದಲ್ಲಿ ಕಾರನ್ನು ಹಿಂಬಾಲಿಸಲು ಆಗಬಾರದು, ದಿಕ್ಕು ತಿಳಿಯಲು ಬೇಕಾದ ಕೊನೆಯ ಮೂರು ಸ್ಥಾನಗಳಿಗಿಂತ ಹೆಚ್ಚಿನದು ನೆನಪಿನಲ್ಲಿ ಉಳಿಯಬಾರದು ಎಂದು ಕಾನೂನೇ ಹೇಳುತ್ತದೆ. ಜೀವ ಉಳಿಸಲು ಮೂರು ಸ್ಥಾನ ಸಾಕು ಎಂದ ಮೇಲೆ ಆರು ತಿಂಗಳ 640 ಓಡಾಟಗಳನ್ನು ಸುರಕ್ಷತೆಯ ಹೆಸರಿನಲ್ಲಿ ಸಮರ್ಥಿಸಲು ಬರುವುದಿಲ್ಲ. ಕಳವಿನ ಮಾತೂ ಹಾಗೆಯೇ: ಕಾರು ಕಳುವಾಗಿದೆ ಎಂದು ಮಾಲೀಕ ದೂರು ಕೊಟ್ಟ ಮೇಲೆ ಅದು ಈಗ ಎಲ್ಲಿದೆ ಎಂದು ಕೇಳಿದರೆ ಸಾಕು, ಹೋದ ತಿಂಗಳು ಎಲ್ಲಿತ್ತೆಂಬುದರಿಂದ ಪೊಲೀಸರಿಗೆ ಆಗಬೇಕಾದ್ದೇನೂ ಇಲ್ಲ.

ಕೂಡಿಟ್ಟದ್ದು ಸೋರುತ್ತದೆ ಎಂಬುದು ಸುರಕ್ಷತೆಯ ವಾದದ ಇನ್ನೊಂದು ಮಗ್ಗುಲು. ಫೋಕ್ಸ್‌ವ್ಯಾಗನ್ ಸಮೂಹದ ತಂತ್ರಾಂಶ ಅಂಗಸಂಸ್ಥೆ ಕಾರಿಯಾಡ್ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿಯನ್ನು ಅಮೆಜಾನ್ ಕ್ಲೌಡ್‌ನಲ್ಲಿ ಸರಿಯಾದ ಕಾವಲಿಲ್ಲದೆ ಇಟ್ಟಿತ್ತೆಂದು 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ‘ಡೆರ್ ಸ್ಪೀಗಲ್’ ಪತ್ರಿಕೆ ಮತ್ತು ಕೇಯಾಸ್ ಕಂಪ್ಯೂಟರ್ ಕ್ಲಬ್ ತೋರಿಸಿಕೊಟ್ಟವು. ಅವುಗಳಲ್ಲಿ ಸುಮಾರು 4.6 ಲಕ್ಷ ಕಾರುಗಳ ಸ್ಥಳ ಎಷ್ಟು ನಿಖರವಾಗಿ ಸಿಗುತ್ತಿತ್ತೆಂದರೆ ಯಾರ ಕಾರು ಯಾವ ಮನೆಯ ಮುಂದೆ ನಿಂತಿತ್ತೆಂದು ಹೇಳಬಹುದಿತ್ತು. ರಾಜಕಾರಣಿಗಳ ಕಾರುಗಳೂ ಹ್ಯಾಂಬರ್ಗ್ ಪೊಲೀಸರ ವಾಹನಗಳೂ ಅದರಲ್ಲಿದ್ದವು. ಹೆಸರು ತೆಗೆದುಹಾಕಿದ್ದೇವೆ, ಹಾಗಾಗಿ ಅಪಾಯವಿಲ್ಲ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ರಾತ್ರಿ ಒಂದೇ ಮನೆಯ ಮುಂದೆ, ಹಗಲು ಒಂದೇ ಕಚೇರಿಯ ಮುಂದೆ ನಿಲ್ಲುವ ಕಾರಿನ ಒಡೆಯ ಯಾರೆಂದು ಪತ್ತೆಮಾಡಲು ಹೆಸರೇಕೆ? ಖಾಸಗಿತನವನ್ನು ಗುಟ್ಟು ಇರುವವರ ಕಾಳಜಿ ಎಂದು ತಳ್ಳಿಹಾಕುವವರು, ಗಂಡನ ಹೊಡೆತ ತಾಳದೆ ಮನೆಬಿಟ್ಟು ಹೋದ ಹೆಂಗಸಿನ ಕಾರಿನ ಆ್ಯಪ್ ಇನ್ನೂ ಆ ಗಂಡನ ಮೊಬೈಲಿನಲ್ಲೇ ಇದ್ದರೆ ಏನಾಗುತ್ತದೆ ಎಂದು ಯೋಚಿಸಬೇಕು. ಇದು ಕಲ್ಪನೆಯ ಭಯವಾಗಿದ್ದರೆ, ಅಂಥ ಸಂದರ್ಭದಲ್ಲಿ ಸಂಪರ್ಕ ಕಡಿದುಹಾಕಬೇಕೆಂದು ಕಂಪನಿಗಳಿಗೆ ವಿಧಿಸುವ ಕಾನೂನನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಬೇಕಾಗುತ್ತಿರಲಿಲ್ಲ.

ಭಾರತದಲ್ಲಿ ಇಂಟರ್‌ನೆಟ್ ಒಳಗಿರುವ ಕಾರು ಎಂಬುದು ಜಾಹೀರಾತಿನ ಹೆಗ್ಗಳಿಕೆಯಾದದ್ದು 2019ರಲ್ಲಿ, ಎಂಜಿ ಹೆಕ್ಟರ್ ಮತ್ತು ಹುಂಡೈ ವೆನ್ಯೂ ಬಂದಾಗ. ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಜಗತ್ತಿನ ಹಲವು ಕಾರುಗಳ ತಂತ್ರಾಂಶಕ್ಕೆ ಬೆಂಗಳೂರಿನ ಎಂಜಿನಿಯರುಗಳು ದುಡಿಯುತ್ತಾರೆ. ಇಲ್ಲಿ ಕಾರು ಮಾರುವುದನ್ನು 2017ರಲ್ಲೇ ಬಿಟ್ಟ ಜನರಲ್ ಮೋಟರ್ಸ್‌ನ ತಾಂತ್ರಿಕ ಕೇಂದ್ರವೂ ಬೆಂಗಳೂರಿನಲ್ಲಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಎರಡೇ ವರ್ಷದ ನಂತರ, ವಾಹನ ನೋಂದಣಿ ಮತ್ತು ಚಾಲನಾ ಪರವಾನಗಿಯ ಮಾಹಿತಿಯನ್ನು 87 ಖಾಸಗಿ ಕಂಪನಿಗಳಿಗೆ ಒದಗಿಸಿದ್ದೇವೆ, ಅದರಿಂದ 65 ಕೋಟಿ ರೂಪಾಯಿ ಬಂದಿದೆ ಎಂದು ಕೇಂದ್ರ ಸಾರಿಗೆ ಸಚಿವರು ಸಂಸತ್ತಿಗೆ ತಿಳಿಸಿದರು. ಆ ನೀತಿಯನ್ನು 2020ರಲ್ಲಿ ಕೈಬಿಡಲಾಯಿತು. ಆರ್‌ಟಿಒ ಕಚೇರಿಯಲ್ಲಿ ವಿಳಾಸ ಬರೆದುಕೊಟ್ಟವರು ಅದು ಮಾರಾಟಕ್ಕೆಂದು ಬರೆದುಕೊಟ್ಟಿರಲಿಲ್ಲ. ಒಪ್ಪಿಗೆಯನ್ನು ಹಿಗ್ಗಿಸುವ ಚಾಳಿ ಖಾಸಗಿ ಕಂಪನಿಗಳದ್ದಷ್ಟೇ ಅಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕಾಗದದ ಮೇಲೆ ಈ ಚಾಳಿಗೆ ಸರಿಯಾದ ಮದ್ದನ್ನೇ ಬರೆದಿದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟು ಮಾಹಿತಿಗೆ ಮಾತ್ರ ಅದು ಅನ್ವಯಿಸಬೇಕು. ವೈದ್ಯಕೀಯ ಸಲಹೆ ಕೊಡುವ ಆ್ಯಪ್ ಮೊಬೈಲಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳಿ, ಬಳಕೆದಾರ ಎರಡಕ್ಕೂ ಹೂಂ ಅಂದರೂ, ಆ ಹೂಂ ಸಲ್ಲುವುದು ಸಲಹೆಗೆ ಬೇಕಾದ ಮಾಹಿತಿಗಷ್ಟೇ ಎಂದು ಕಾಯ್ದೆಯೇ ಉದಾಹರಣೆ ಕೊಡುತ್ತದೆ. ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಅದು ನೀಡಿದೆ. ಆದರೆ ನಮ್ಮ ಕಾರುಗಳು ಓಡುವ ರೀತಿ ಕಾಯ್ದೆಯ ಕಲ್ಪನೆಗಿಂತ ಬೇರೆ. ಕಾರು ಯಜಮಾನರ ಹೆಸರಿನಲ್ಲಿ, ಆ್ಯಪ್ ಮಗನ ಮೊಬೈಲಿನಲ್ಲಿ, ಸ್ಟೀರಿಂಗ್ ಸಂಬಳದ ಡ್ರೈವರನ ಕೈಯಲ್ಲಿ. ವೇಗ, ಬ್ರೇಕು, ನಿಂತ ಜಾಗಗಳೆಲ್ಲ ಆ ಡ್ರೈವರನ ದಿನದ ವಿವರಗಳು. ಒಪ್ಪಿಗೆ ಕೊಟ್ಟವರು ಬೇರೆ ಯಾರೋ. ಅವನನ್ನು ಕೇಳುವ ಪದ್ಧತಿ ನಮ್ಮ ಶೋರೂಮುಗಳಲ್ಲಿಲ್ಲ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು; ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ. ಅಷ್ಟರೊಳಗೆ ಮಾರಾಟವಾಗುವ ಕಾರುಗಳ ಗತಿ ಏನು? ಐದನೆಯ ಕಲಮಿನಲ್ಲಿ ಉತ್ತರವಿದೆ. ಕಾಯ್ದೆ ಜಾರಿಯಾಗುವ ಮೊದಲೇ ಒಪ್ಪಿಗೆ ಕೊಟ್ಟವರಿಗೆ ಕಂಪನಿ ಸಾಧ್ಯವಾದಷ್ಟು ಬೇಗ ಒಂದು ತಿಳಿವಳಿಕೆ ಪತ್ರ ಕಳಿಸಬೇಕು. ಅವರು ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವವರೆಗೂ ಮಾಹಿತಿಯ ಬಳಕೆಯನ್ನು ಮುಂದುವರಿಸಬಹುದು. ಹೊಸದಾಗಿ ಕೇಳಬೇಕಾಗಿಲ್ಲ. ಕೀಲಿಕೈ ಪಡೆಯುವ ಆತುರದಲ್ಲಿ ಪರದೆಯ ಮೇಲೆ ಒತ್ತಿದ ಆ ಒಂದು ಗುರುತು, ಹೊಸ ಕಾನೂನು ಬಂದ ಮೇಲೂ ಕಂಪನಿಯ ಕಡತದಲ್ಲಿ ಚಾಲ್ತಿಯಲ್ಲೇ ಇರುತ್ತದೆ.