ಎಣಿಕೆಗೆ ಕಾಯದ ಅನಿಲ

2023ರ ಫೆಬ್ರವರಿ 22ರಂದು ಮುಂಬೈನ ಅಂಧೇರಿಯಲ್ಲಿ ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಸಿಎನ್‌ಜಿ ಬಸ್ಸೊಂದು ಹೊತ್ತಿ ಉರಿಯಿತು. ಒಂದು ತಿಂಗಳ ಆಸುಪಾಸಿನಲ್ಲಿ ಇಂಥದ್ದು ಮೂರನೆಯದು. ದೋಷ ಸರಿಪಡಿಸುವ ತನಕ ಅದೇ ಗುತ್ತಿಗೆದಾರರ 400 ಬಸ್ಸುಗಳು ರಸ್ತೆಗಿಳಿಯಬಾರದೆಂದು ಬೆಸ್ಟ್ ತೀರ್ಮಾನಿಸಿತು. ಜನರಿಗೆ ತೊಂದರೆಯಾಯಿತು, ನಿಜ. ಆದರೂ ಅನಿಲದ ವಾಹನಗಳ ರೀಕಾಲ್, ಅಂದರೆ ದೋಷವಿರುವ ವಾಹನಗಳನ್ನು ವಾಪಸು ಕರೆಸುವುದು, ಹೇಗಿರಬೇಕೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ: ಮೊದಲು ನಿಲ್ಲಿಸು, ಆಮೇಲೆ ಕಾರಣ ಹುಡುಕು.

ನಮ್ಮ ಕಾನೂನೇನೂ ದುರ್ಬಲವಲ್ಲ. 2012ರಿಂದ ವಾಹನ ತಯಾರಕರು ತಾವಾಗಿಯೇ ಪಾಲಿಸುತ್ತಿದ್ದ ರೀಕಾಲ್ ಸಂಹಿತೆಯೊಂದಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ರೀಕಾಲ್‌ಗೆ ಆದೇಶಿಸುವ 110ಎ ಕಲಂ ಸೇರಿತು. 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಗೆ ಬಂದವು. ದೋಷ ಒಂದು ಬಿಡಿಭಾಗದ್ದಾದರೆ ಅದನ್ನು ಕೂಡಿಸಿದ ಎಲ್ಲ ವಾಹನಗಳನ್ನೂ ವಾಪಸು ಕರೆಸಬಹುದು. ಎಡವುವುದು ಮಾಲೀಕರ ದೂರುಗಳನ್ನು ಎಣಿಸುವಲ್ಲಿ. ಇಷ್ಟು ದೂರು ಬಂದರೆ ರೀಕಾಲ್ ಎಂಬ ಲೆಕ್ಕ ಪವರ್ ವಿಂಡೋಗೆ ಸರಿ, ಸೋರುವ ಅನಿಲಕ್ಕೆ ಸಲ್ಲದು. ಏಳು ವರ್ಷ ದಾಟಿದ ವಾಹನಕ್ಕಂತೂ ಈ ನಿಯಮವೇ ಅನ್ವಯಿಸುವುದಿಲ್ಲ. ಜಾಯಿಂಟುಗಳು ಸಡಿಲವಾಗುವುದು, ರಬ್ಬರು ಬಿರುಕು ಬಿಡುವುದು ಆ ವಯಸ್ಸಿನಲ್ಲೇ.

ಸಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಚದುರುತ್ತದೆ. ಪ್ರೊಪೇನ್ ಹಾಗಲ್ಲ. ಅಮೆರಿಕದ ಮೋಟಾರ್ ಹೋಮ್‌ಗಳಲ್ಲಿ ಒಲೆಗೆ, ಹೀಟರಿಗೆ, ಎಷ್ಟೋ ಸಲ ಫ್ರಿಜ್ಜಿಗೂ ಅದೇ ಇಂಧನ. ದಾರಿಯ ಕುಲುಕಾಟಕ್ಕೆ ಒಂದು ನಟ್ ಸಡಿಲವಾದರೆ ಸಾಕು, ಭಾರವಾದ ಅನಿಲ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಅದೇ ಡಬ್ಬಿಯೊಳಗೆ ಬಾಗಿಲು ಮುಚ್ಚಿಕೊಂಡು ಜನ ಮಲಗಿರುತ್ತಾರೆ. ಅಲ್ಲಿ 1966ರ ಕಾನೂನು ಮತ್ತು ಅದರ ತಿದ್ದುಪಡಿಗಳ ಬಲದಿಂದ, ದೋಷ ಕಂಡರೆ ತಯಾರಕರು ಪ್ರತಿ ಮಾಲೀಕರಿಗೂ ಪತ್ರ ಬರೆಯಬೇಕು, ಪುಕ್ಕಟೆ ರಿಪೇರಿ ಮಾಡಿಕೊಡಬೇಕು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಮಾತಿನ ಖಚಿತತೆ: ದೋಷ ಯಾವ ಭಾಗದ್ದು, ಅದರಿಂದ ಏನಾಗಬಹುದು ಎಂದು ನೇರವಾಗಿ ಹೇಳಬೇಕು.

ಇಂಥ ಮನೆಗಾಡಿಗಳಿಗಾಗಿ ಮಹಾರಾಷ್ಟ್ರವೂ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ತಂದಿದೆ. ಆದರೆ ಮುಂಬೈನ ಬೈಕುಲ್ಲಾದಲ್ಲಿ ಚಕ್ರದ ಮೇಲಿನ ಅಡುಗೆಮನೆ ಎಂದರೆ ಇವತ್ತಿಗೂ ಸ್ಟೇಷನ್ ಹೊರಗಿನ ತಿಂಡಿ ಗಾಡಿಯೇ. ಹಲಗೆಯ ಕೆಳಗೆ ಸಿಲಿಂಡರು, ಎಣ್ಣೆ ಕುಡಿದು ಗಟ್ಟಿಯಾದ ಪೈಪು, ಪೈಪಿನ ಮೇಲೆ ಅಚ್ಚಾದ ವರ್ಷ ಮಸಿಯಲ್ಲಿ ಮುಚ್ಚಿಹೋಗಿದೆ. ಅದನ್ನು ವಾಪಸು ಕರೆಯುವ ತಯಾರಕರು ಯಾರೂ ಇಲ್ಲ. ಹಳೆ ಟ್ಯಾಕ್ಸಿಗೆ ಹೊರಗೆ ಕೂರಿಸಿದ ಸಿಎನ್‌ಜಿ ಕಿಟ್ಟಿನ ಕಥೆಯೂ ಇದೇ: ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಉಂಟು, ಆದರೆ ಕಿಟ್ಟಿನಲ್ಲಿ ದೋಷ ಕಂಡರೆ ಎರಡನೇ, ಮೂರನೇ ಮಾಲೀಕನವರೆಗೆ ಸುದ್ದಿ ಮುಟ್ಟಿಸುವವರಿಲ್ಲ.

ಮುಂಬೈ ಅಗ್ನಿಶಾಮಕ ದಳದ ಕೇಂದ್ರ ಕಚೇರಿ ಇರುವುದು ಇದೇ ಬೈಕುಲ್ಲಾದಲ್ಲಿ. 1944ರ ಏಪ್ರಿಲ್ 14ರ ಬಂದರು ಸ್ಫೋಟದಲ್ಲಿ 66 ಸಿಬ್ಬಂದಿಯನ್ನು ಕಳೆದುಕೊಂಡ ದಳ ಇದು. ಸುಟ್ಟ ವಾಹನವನ್ನು ಮೊದಲು ಹತ್ತಿರದಿಂದ ನೋಡುವವರು ಇವರೇ. 110ಎ ಕಲಂ ಮಾಲೀಕರು, ಪರೀಕ್ಷಾ ಸಂಸ್ಥೆಗಳ ಜೊತೆಗೆ ‘ಬೇರೆ ಯಾವುದೇ ಮೂಲ’ದ ವರದಿಯನ್ನೂ ಒಪ್ಪುತ್ತದೆ. ಅನಿಲದ ವಾಹನಕ್ಕೆ ಬೆಂಕಿ ಬಿದ್ದಾಗಲೆಲ್ಲ ದಳದ ವರದಿ ನೇರವಾಗಿ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಹೋಗಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ತಿಂಡಿ ಗಾಡಿಯವರ ಪೈಪು, ರೆಗ್ಯುಲೇಟರನ್ನು ಅಲ್ಲೇ ನೋಡಿ ಬದಲಿಸಿಕೊಡುವ ಕೆಲಸವನ್ನು ಪಾಲಿಕೆ ಮತ್ತು ಗ್ಯಾಸ್ ಏಜೆನ್ಸಿಗಳು ಹಂಚಿಕೊಳ್ಳಲಿ. ಬರೀ ಗಾಡಿ ಎತ್ತಿಕೊಂಡು ಹೋದರೆ ಅದೇ ಪೈಪು ನಾಳೆ ಮುಂದಿನ ಗಲ್ಲಿಯಲ್ಲಿ ಉರಿಯುವ ಒಲೆಗೆ ಜೋಡಿಸಿರುತ್ತದೆ.